ಈಥರ್: ನೋಟಕ್ಕೆ ಸಾಧು, ಹಳತಾದರೆ ಸ್ಫೋಟಕ

ಎರಡು ಇಂಗಾಲದ ಪರಮಾಣುಗಳ ನಡುವೆ ಒಂದು ಆಮ್ಲಜನಕ ಪರಮಾಣು ಕೊಂಡಿಯಾಗಿ ನಿಂತಿರುವ ಸಾವಯವ ಸಂಯುಕ್ತಗಳಿಗೆ ಈಥರ್‌ಗಳೆಂದು ಹೆಸರು. ಇವುಗಳಲ್ಲಿ ಹೆಸರುವಾಸಿಯಾದುದು ಡೈಈಥೈಲ್ ಈಥರ್. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಅರಿವಳಿಕೆಯಾಗಿ ಸಾರ್ವಜನಿಕವಾಗಿ ಪ್ರಯೋಗಿಸಿದ್ದು ಇದನ್ನೇ.

ಈಥರ್‌ಗಳು ಸಾಮಾನ್ಯವಾಗಿ ಜಡ ಸ್ವಭಾವದವು. ಕ್ಷಾರಗಳಿಗೆ ಅವು ಜಗ್ಗುವುದಿಲ್ಲ. ಈ ಕಾರಣದಿಂದಲೇ ಪ್ರಯೋಗಾಲಯಗಳಲ್ಲಿ ದ್ರಾವಕವಾಗಿ ಅವುಗಳಿಗೆ ಬೇಡಿಕೆ. ಕಾಯಿಸಿದ ಹೈಡ್ರಯೋಡಿಕ್ ಆಮ್ಲದಂತಹ ಪ್ರಬಲ ಆಮ್ಲ ಮಾತ್ರ ಈ ಕೊಂಡಿಯನ್ನು ಮುರಿಯಬಲ್ಲದು. ಮೊದಲು ಆಮ್ಲಜನಕಕ್ಕೆ ಪ್ರೋಟಾನ್ ಅಂಟಿಕೊಳ್ಳುತ್ತದೆ, ಬಳಿಕ ಅಯೋಡೈಡ್ ಇಂಗಾಲದ ಮೇಲೆ ದಾಳಿ ಮಾಡುತ್ತದೆ.

ಆದರೆ ಈ ಸಾಧುತನವನ್ನು ನಂಬಿ ಕೂರುವಂತಿಲ್ಲ. ಆಮ್ಲಜನಕದ ಪಕ್ಕದ ಇಂಗಾಲದಲ್ಲಿರುವ ಜಲಜನಕದ ಬಂಧ ಸಡಿಲವಾದುದು. ಗಾಳಿ ಮತ್ತು ಬೆಳಕಿನ ಸಂಪರ್ಕದಲ್ಲಿ ಅಲ್ಲಿಗೆ ಗಾಳಿಯ ಆಮ್ಲಜನಕ ಸೇರಿ ಪೆರಾಕ್ಸೈಡ್‌ಗಳು ಉಂಟಾಗುತ್ತವೆ. ಇವು ಈಥರ್‌ನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಹೀಗಾಗಿ ಈಥರ್ ಬಟ್ಟಿ ಇಳಿಸುವಾಗ ಪಾತ್ರೆಯ ತಳದಲ್ಲಿ ಸಾಂದ್ರಗೊಂಡು ಸ್ಫೋಟಿಸುತ್ತವೆ. ಡೈಐಸೊಪ್ರೊಪೈಲ್ ಈಥರ್ ಈ ವಿಷಯದಲ್ಲಿ ಅತ್ಯಂತ ಅಪಾಯಕಾರಿ. ಹಳೆಯ ಬಾಟಲಿಯ ಮುಚ್ಚಳದ ಸುತ್ತ ಹರಳುಗಟ್ಟಿದ್ದರೆ ತಿರುಗಿಸುವ ಘರ್ಷಣೆಯೇ ಸಾಕು. ಡೈಈಥೈಲ್ ಈಥರ್ ಕುದಿಯುವುದು 34.6 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಲಬುರಗಿ, ರಾಯಚೂರುಗಳ ಬೇಸಿಗೆ ಇದನ್ನು ಸಲೀಸಾಗಿ ಮೀರುತ್ತದೆ ಎಂಬುದನ್ನು ಕಾಲೇಜುಗಳು ಮರೆಯಬಾರದು. ಅದರ ಆವಿ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ; ಮೇಜಿನ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪೀತು.

ಆಮ್ಲಜನಕವು ಐದು ಪರಮಾಣುಗಳ ಉಂಗುರದೊಳಗೆ, ಎರಡು ದ್ವಿಬಂಧಗಳ ಜತೆ ಸೇರಿದರೆ ಕಥೆಯೇ ಬೇರೆ. ಅದು ಫ್ಯೂರಾನ್. ಇಲ್ಲಿ ಆಮ್ಲಜನಕ ತನ್ನ ಒಂದು ಜೋಡಿ ಎಲೆಕ್ಟ್ರಾನ್‌ಗಳನ್ನು ಉಂಗುರಕ್ಕೆ ಕೊಡುವುದರಿಂದ ಬೆಂಜೀನ್‌ನಲ್ಲಿರುವಂತೆ ಆರು ಎಲೆಕ್ಟ್ರಾನ್‌ಗಳ ಆರೋಮ್ಯಾಟಿಕ್ ವ್ಯವಸ್ಥೆ ಏರ್ಪಡುತ್ತದೆ. ಬ್ರೋಮಿನ್‌ನಂತಹವು ಬೆಂಜೀನ್‌ಗಿಂತ ಬಹಳ ವೇಗವಾಗಿ, ಆಮ್ಲಜನಕದ ಪಕ್ಕದ ಎರಡನೇ ಸ್ಥಾನಕ್ಕೇ ಬಂದು ಸೇರುತ್ತವೆ. ಪ್ರಬಲ ಆಮ್ಲ ಸೋಕಿದರೆ ಫ್ಯೂರಾನ್ ಅಂಟಾಗಿಬಿಡುತ್ತದೆ. ಆಮ್ಲಜನಕದ ಜಾಗದಲ್ಲಿ ಗಂಧಕವಿರುವ ಥಯೋಫೀನ್ ಹೆಚ್ಚು ಸ್ಥಿರ; ಅದು ಬೆಂಜೀನ್‌ಗೆ ಎಷ್ಟು ಹತ್ತಿರವೆಂದರೆ, ಕಲ್ಲಿದ್ದಲಿನ ಟಾರ್‌ನಿಂದ ಪಡೆದ ಬೆಂಜೀನ್‌ನಲ್ಲಿ ಅದು ಅಡಗಿರುವುದು 1882ರವರೆಗೆ ಯಾರಿಗೂ ತಿಳಿದಿರಲಿಲ್ಲ. ಶುದ್ಧ ಬೆಂಜೀನ್ ನಿರೀಕ್ಷಿತ ನೀಲಿ ಬಣ್ಣ ಕೊಡದೆ ತರಗತಿಯ ಪ್ರಯೋಗ ಕೈಕೊಟ್ಟಾಗ ವಿಕ್ಟರ್ ಮೇಯರ್ ಅದರ ಜಾಡು ಹಿಡಿದರು.

ಫ್ಯೂರಾನ್‌ಗೆ ಜಲಜನಕ ಸೇರಿಸಿದರೆ ಔಷಧ ತಯಾರಿಕೆಯಲ್ಲಿ ಹೇರಳವಾಗಿ ಬಳಸುವ ಟೆಟ್ರಾಹೈಡ್ರೊಫ್ಯೂರಾನ್ ದೊರೆಯುತ್ತದೆ. ಉಂಗುರ ಉಳಿದರೂ ಆರೋಮ್ಯಾಟಿಕ್ ಗುಣ ಹೋಗಿ ಅದು ಮತ್ತೆ ಈಥರ್ ಆಗುತ್ತದೆ, ಪೆರಾಕ್ಸೈಡ್ ಭಯವೂ ಮರಳುತ್ತದೆ. ಅದನ್ನು ತಡೆಯಲೆಂದು ತಯಾರಕರು ಬಿಎಚ್‌ಟಿ ಎಂಬ ಸ್ಥಿರಕಾರಿ ಬೆರೆಸುತ್ತಾರೆ. ಬಟ್ಟಿ ಇಳಿಸಿದರೆ ಈ ರಕ್ಷಣೆ ಇರುವುದಿಲ್ಲ. ಬಾಟಲಿಯ ಮೇಲೆ ತೆರೆದ ದಿನಾಂಕ ಬರೆದು, ಕತ್ತಲಲ್ಲಿಟ್ಟು, ಬಳಸುವ ಮುನ್ನ ಆಮ್ಲೀಕೃತ ಪೊಟ್ಯಾಸಿಯಂ ಅಯೋಡೈಡ್‌ನಿಂದ ಪರೀಕ್ಷಿಸುವುದು ರೂಢಿ. ಹಳದಿ ಅಥವಾ ಕಂದು ಬಣ್ಣ ಮೂಡಿದರೆ ಪೆರಾಕ್ಸೈಡ್ ಇದೆ ಎಂದರ್ಥ. ಹರಳು ಕಂಡ ಬಾಟಲಿಗೆ ಈ ಪರೀಕ್ಷೆಯೂ ಸಲ್ಲದು, ಅದನ್ನು ಮುಟ್ಟದೆ ತಜ್ಞರನ್ನೇ ಕರೆಸಬೇಕು.