ಫಿಲಿಪ್ ದ್ವೀಪದ ಪೂರ್ವೋತ್ತರ

ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಸಂಸಾರ ಹೂಡಿರುವ ಕನ್ನಡಿಗರ ಮನೆಗೆ ಊರ ಕಡೆಯಿಂದ ತಂದೆತಾಯಿಗಳೋ ಗೆಳೆಯರೋ ಬಂದಿಳಿದರೆಂದರೆ, ಪ್ರಯಾಣದ ಆಯಾಸವೂ ಹಗಲಿರುಳುಗಳ ವ್ಯತ್ಯಾಸದಿಂದಾದ ನಿದ್ರಾಭಂಗವೂ ಪರಿಹಾರವಾದ ಬಳಿಕ, ಆತಿಥೇಯರು ಅವರನ್ನು ಕರೆದೊಯ್ಯಲು ನೆನೆಯುವ ಸ್ಥಳಗಳಲ್ಲಿ ಫಿಲಿಪ್ ದ್ವೀಪವು ತಪ್ಪದೆ ಇರುತ್ತದೆ. ನಗರದಿಂದ ಆಗ್ನೇಯಕ್ಕೆ ಸುಮಾರು 140 ಕಿಲೋಮೀಟರು. ಕಾರಿನಲ್ಲಿ ಎರಡು ಗಂಟೆಯ ದಾರಿ. ಚಿತ್ರಾನ್ನದ ಡಬ್ಬಿಯನ್ನೂ, ನಡುಬೇಸಗೆಯಲ್ಲಿಯೂ ನಂಬಲಾಗದ ಆ ದಕ್ಷಿಣ ಸಮುದ್ರದ ಗಾಳಿಗೆಂದು ಕಂಬಳಿಗಳನ್ನೂ ಹೊತ್ತು ಹೊರಟವರು, ಸೂರ್ಯಾಸ್ತದ ಹೊತ್ತಿಗೆ ದ್ವೀಪದ ಪಶ್ಚಿಮದ ಕೊನೆಯಲ್ಲಿರುವ ಸಮರ್‌ಲ್ಯಾಂಡ್ ಕಡಲತಡಿಯ ಮೆಟ್ಟಿಲುಗಳ ಮೇಲೆ, ಜಗತ್ತಿನ ನಾನಾ ದೇಶಗಳಿಂದ ಬಂದ ಜನರ ನಡುವೆ, ದನಿ ತಗ್ಗಿಸಿ ಕುಳಿತುಕೊಳ್ಳುತ್ತಾರೆ. ಬೆಳಕು ಮಾಸಿ ಅಲೆಯ ನೊರೆಯೊಂದೇ ಬೆಳ್ಳಗೆ ತೋರುವ ವೇಳೆಗೆ, ಆ ನೊರೆಯೊಳಗಿಂದ ಒಂದೂವರೆ ಗೇಣಿನ ಎತ್ತರವೂ ಒಂದು ಕಿಲೋಗ್ರಾಮಿನಷ್ಟು ತೂಕವೂ ಉಳ್ಳ ಪೆಂಗ್ವಿನ್ ಹಕ್ಕಿಗಳು ಗುಂಪುಗುಂಪಾಗಿ ಎದ್ದು ನಿಂತು, ಕ್ಷಣಕಾಲ ಅನುಮಾನಿಸಿ, ಒಂದು ಬೆದರಿದರೆ ಎಲ್ಲವೂ ನೀರಿಗೆ ಹಿಂದಿರುಗಿ, ಪುನಃ ಧೈರ್ಯ ತಂದುಕೊಂಡು ಮರಳನ್ನು ದಾಟಿ ದಿಬ್ಬಗಳಲ್ಲಿರುವ ತಮ್ಮ ಬಿಲಗಳ ಕಡೆಗೆ ನಡೆಯುತ್ತವೆ.

ನೋಡಿದವರೆಲ್ಲ ಸಂತೋಷಪಡುತ್ತಾರೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಈ ಸಂತೋಷಕ್ಕೆ ಒಂದು ಚರಿತ್ರೆಯಿದೆಯೆಂಬುದನ್ನು ಅತಿಥಿಗಳಿಗೆ ತಿಳಿಸುವವರು ಕಡಮೆ. ಹಕ್ಕಿಗಳನ್ನು ನೋಡಲೆಂದು ಬಂದ ಜನ ಅವುಗಳ ಪಕ್ಕದಲ್ಲಿಯೇ ಮನೆ ಕಟ್ಟಿ, ಅವುಗಳನ್ನು ಬಹುಮಟ್ಟಿಗೆ ನಿರ್ಮೂಲಮಾಡಿ, ಕಡೆಗೆ ಆ ಮನೆಗಳನ್ನು ತಾವೇ ಕಿತ್ತು ತೆಗೆದ ವಿಲಕ್ಷಣವಾದ ವೃತ್ತಾಂತವದು.

ದ್ವೀಪದ ಮೂಲನಿವಾಸಿಗಳು ಬೂನ್‌ವುರಂಗ್ ಜನ. ಅವರು ಋತುಮಾನವನ್ನನುಸರಿಸಿ ಇಲ್ಲಿಗೆ ಬಂದು ಮೀನು, ಚಿಪ್ಪುಜೀವಿ, ಕಡಲಹಕ್ಕಿಗಳನ್ನು ಆಹಾರವಾಗಿ ಪಡೆದು ಹೋಗುತ್ತಿದ್ದರು. 1798ರ ಜನವರಿಯಲ್ಲಿ ಜಾರ್ಜ್ ಬ್ಯಾಸ್ ಎಂಬ ನೌಕಾವೈದ್ಯನು ತಿಮಿಂಗಿಲ ಬೇಟೆಯ ತೆರೆದ ದೋಣಿಯೊಂದರಲ್ಲಿ ಸಿಡ್ನಿಯಿಂದ ಕರಾವಳಿಯನ್ನು ಹಿಡಿದು ಬಂದು ವೆಸ್ಟರ್ನ್ ಪೋರ್ಟ್ ಕೊಲ್ಲಿಯನ್ನು ಹೊಕ್ಕನು. ದ್ವೀಪಕ್ಕೆ ಸಿಡ್ನಿಯ ವಸಾಹತಿನ ಮೊದಲ ಗವರ್ನರನಾದ ಆರ್ಥರ್ ಫಿಲಿಪ್ಪನ ಹೆಸರು ನಿಂತಿತು. ಮೂರು ವರ್ಷಗಳ ಮೇಲೆ, 1801ರಲ್ಲಿ, 'ಲೇಡಿ ನೆಲ್ಸನ್' ಹಡಗಿನ ಜೇಮ್ಸ್ ಗ್ರ್ಯಾಂಟನು ಪಕ್ಕದ ಪುಟ್ಟ ಚರ್ಚಿಲ್ ದ್ವೀಪದಲ್ಲಿ ನೆಲ ಅಗೆಸಿ ಗೋದಿಯನ್ನೂ ತರಕಾರಿಗಳನ್ನೂ ಬಿತ್ತಿಸಿದನು. ಇಂದಿನ ವಿಕ್ಟೋರಿಯ ರಾಜ್ಯದ ನೆಲದಲ್ಲಿ ಯೂರೋಪಿನವರು ಮಾಡಿದ ಮೊದಲ ಬೇಸಾಯ ಅದು.

ಆದರೆ ಬೇಸಾಯಗಾರನಿಗಿಂತ ಚುರುಕಾಗಿ ಬಂದವನು ಬೇಟೆಗಾರ. ದ್ವೀಪದ ಪಶ್ಚಿಮದ ತುದಿಯಾಚೆ ಸಮುದ್ರದಲ್ಲಿರುವ ಬಂಡೆಗಳ ಮೇಲೆ ತುಪ್ಪುಳಿನ ಸೀಲ್ ಪ್ರಾಣಿಗಳು ಸಾವಿರಗಟ್ಟಲೆಯಾಗಿ ಮಲಗಿರುತ್ತಿದ್ದುದರಿಂದ, ಚರ್ಮಕ್ಕೂ ಎಣ್ಣೆಗೂ ಆಸೆಪಟ್ಟ ದೋಣಿಗಳು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಅಲ್ಲಿ ದೊಡ್ಡ ಸಂಹಾರವನ್ನು ನಡೆಸಿ, ಲಾಭ ತೀರಿದೊಡನೆ ಬೇರೆ ಕಡೆಗೆ ಹೊರಟುಹೋದವು. ಪೆಂಗ್ವಿನ್ನಿನ ಅಲ್ಪವಾದ ಚರ್ಮಕ್ಕೆ ಅಂಥ ಬೆಲೆಯಿರಲಿಲ್ಲವಾದುದರಿಂದ ಅದು ಆ ಕಾಲಕ್ಕೆ ಬಚಾವಾಯಿತು. 1842ರಲ್ಲಿ ಮೆಕ್‌ಹ್ಯಾಫಿ ಸಹೋದರರು ಇಡೀ ದ್ವೀಪವನ್ನು ಕುರಿಗಾವಲಿಗೆಂದು ಗುತ್ತಿಗೆ ಹಿಡಿದರು. 1861ರಲ್ಲಿ ಸ್ಥಾಪಿತವಾದ, ಪರದೇಶದ ಪ್ರಾಣಿಪಕ್ಷಿಗಳನ್ನು ಈ ಖಂಡಕ್ಕೆ ಒಗ್ಗಿಸುವುದೇ ಧ್ಯೇಯವಾಗಿದ್ದ ವಿಕ್ಟೋರಿಯದ ಸಂಘವೊಂದು ಬೇಟೆಯ ಹಕ್ಕಿಗಳನ್ನೂ ಜಿಂಕೆಗಳನ್ನೂ ಇಲ್ಲಿ ತಂದು ಬಿಟ್ಟಿತು. ಇರುವುದನ್ನು ನೋಡುವ ಕಣ್ಣು ಇನ್ನೂ ತೆರೆಯದೆ, ಇಲ್ಲದಿರುವುದನ್ನು ತಂದು ತುಂಬುವ ಹಂಬಲವೇ ವಿದ್ಯಾವಂತರನ್ನೂ ಆಳುತ್ತಿದ್ದ ಕಾಲ ಅದು.

1868ರಲ್ಲಿ ನೆಲವನ್ನು ತುಂಡುಮಾಡಿ ರೈತರಿಗೆ ಹಂಚಲಾಯಿತು. ಬಂದವರಲ್ಲಿ ಹಲವರು ನೀರಿಲ್ಲದೆ ಬಿಟ್ಟುಹೋದರು. ಉಳಿದವರ ಕೈಹಿಡಿದುದು ಚಿಕೋರಿ. ಬೇರನ್ನು ಅಗೆದು, ಹೆಚ್ಚಿ, ಭಟ್ಟಿಯಲ್ಲಿ ಒಣಗಿಸಿ ಪೇಟೆಗೆ ಕಳುಹಿಸುವ ಈ ವ್ಯವಸಾಯ ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ನಡೆಯಿತು. ಗೋಪುರದಾಕಾರದ ಆ ಭಟ್ಟಿಗಳು ಈಗಲೂ ಹೊಲಗಳ ಮಧ್ಯೆ ಅಲ್ಲಲ್ಲಿ ನಿಂತಿವೆ. ಚಿಕೋರಿ ಬೆರೆತ ಕಾಫಿಯನ್ನು ಕುಡಿದೇ ಬೆಳೆದ ನಮ್ಮವರು ಪೆಂಗ್ವಿನ್ನಿನ ಆತುರದಲ್ಲಿ ಅವುಗಳನ್ನು ಕಣ್ಣೆತ್ತಿಯೂ ನೋಡದೆ ದಾಟಿಹೋಗುವುದು ಅನ್ಯಾಯವೆಂದು ನನಗೆ ತೋರುತ್ತದೆ.

ವಿಹಾರಕ್ಕಾಗಿ ಬರುವ ಜನ ಮೊದಮೊದಲು ದೋಣಿಯಲ್ಲಿ ದ್ವೀಪದ ಉತ್ತರದ ಕೌಸ್ ಊರಿಗೆ ಬಂದಿಳಿಯುತ್ತಿದ್ದರು. ಅವರಲ್ಲಿ ಹಲವರಿಗೆ ಮುಖ್ಯವಾದ ವಿನೋದವೆಂದರೆ ಮಟನ್‌ಬರ್ಡ್ ಎಂದು ಅಲ್ಲಿನವರು ಕರೆಯುವ ಕಪ್ಪು ಕಡಲಹಕ್ಕಿಯ ಮೊಟ್ಟೆಗಳನ್ನು ಸಂಗ್ರಹಿಸುವುದು. ಈ ಹಕ್ಕಿ ದೂರದ ಉತ್ತರದ ಅಲಾಸ್ಕದ ಕಡಲಿನಿಂದ ಪ್ರತಿವರ್ಷವೂ ಹಾರಿಬಂದು, ಸೆಪ್ಟೆಂಬರ್ ಕೊನೆಯಲ್ಲಿ ಪಂಚಾಂಗ ನೋಡಿ ಹೊರಟಂತೆ ದ್ವೀಪವನ್ನು ಸೇರಿ, ನವೆಂಬರ್ ಕೊನೆಯಲ್ಲಿ ಒಂದೇ ಒಂದು ಮೊಟ್ಟೆಯನ್ನಿಡುತ್ತದೆ. ಆ ಒಂದನ್ನೂ ಬಿಲಕ್ಕೆ ಕೈಹಾಕಿ ತೆಗೆದುಕೊಳ್ಳುವುದು ಅಂದಿನ ಸಜ್ಜನರ ರಜಾಕಾಲದ ಸಂಭ್ರಮವಾಗಿತ್ತು.

ಪೆಂಗ್ವಿನ್ನುಗಳನ್ನು ಕೊಲ್ಲದೆ, ಕದಿಯದೆ, ಸುಮ್ಮನೆ ನೋಡುವ ವಾಡಿಕೆ ಆರಂಭವಾದದ್ದು 1920ರ ದಶಕದಲ್ಲಿ. ಬರ್ಟ್ ವೆಸ್ಟ್, ಬರ್ನ್ ಡೆನ್‌ಹ್ಯಾಮ್, ಬರ್ಟ್ ವಾಚಾರ್ನ್ ಎಂಬ ದ್ವೀಪದ ಮೂವರು ನಿವಾಸಿಗಳು ಪ್ರವಾಸಿಗಳನ್ನು ಇರುಳಿನಲ್ಲಿ ಸಮರ್‌ಲ್ಯಾಂಡಿನ ತಡಿಗೆ ಕರೆದೊಯ್ದು ಟಾರ್ಚಿನ ಬೆಳಕಿನಲ್ಲಿ ಹಕ್ಕಿಗಳ ಆಗಮನವನ್ನು ತೋರಿಸತೊಡಗಿದರು. ದ್ವೀಪಕ್ಕೆ ಜನರನ್ನು ಸೆಳೆಯುವ ಉಪಾಯಗಳು ಆಗ ಹಲವಾಗಿದ್ದವು; ಮುಂದೆ ಆಸ್ಟ್ರೇಲಿಯನ್ ಗ್ರ್ಯಾನ್ ಪ್ರೀ ಎಂದು ಪ್ರಸಿದ್ಧವಾದ ಕಾರು ಪಂದ್ಯಗಳಲ್ಲಿ ಮೊದಲನೆಯದು 1928ರಲ್ಲಿ ಇಲ್ಲಿಯ ಮಣ್ಣಿನ ರಸ್ತೆಗಳ ಮೇಲೆಯೇ ನಡೆಯಿತು. ಈ ಉತ್ಸಾಹದ ಅಲೆಯಲ್ಲಿಯೇ, ಪೆಂಗ್ವಿನ್ನುಗಳು ಗೂಡುಕಟ್ಟುವ ಸಮರ್‌ಲ್ಯಾಂಡ್ ಭೂಶಿರದ ನೆಲವನ್ನು ನಿವೇಶನಗಳಾಗಿ ವಿಂಗಡಿಸಿ ಮಾರಿದರು. ಗಾಲ್ಫ್ ಮೈದಾನವೂ ಅತಿಥಿಗೃಹವೂ ಎದ್ದವು. 1930ರ ದಶಕದ ಆದಿಯಲ್ಲಿ ಒಬ್ಬ ಭೂಮಾಲಿಕನು ತಡಿಯ ಹತ್ತು ಎಕರೆಯನ್ನು ಹಕ್ಕಿಗಳಿಗಾಗಿ ಸರ್ಕಾರಕ್ಕೆ ಒಪ್ಪಿಸಿದುದನ್ನು ಇಲ್ಲಿ ಸ್ಮರಿಸಬೇಕು. ಆದರೆ ಹತ್ತು ಎಕರೆಯ ಗಡಿ ಹಕ್ಕಿಗೆ ತಿಳಿಯುವುದೆಂತು?

1940ರಲ್ಲಿ ಸ್ಯಾನ್ ರೆಮೊ ಊರಿನಿಂದ ದ್ವೀಪಕ್ಕೆ ಸೇತುವೆಯಾಯಿತು. ಅದರ ಸ್ಥಾನದಲ್ಲಿ ಈಗಿನ ದೊಡ್ಡ ಕಾಂಕ್ರೀಟು ಸೇತುವೆ ಬಂದುದು ಮುಂದೆ, 1969ರಲ್ಲಿ. ದೋಣಿಗಾಗಿ ಕಾಯಬೇಕಾಗಿದ್ದ ಜನ ಈಗ ಮನೆಯ ಬಾಗಿಲಲ್ಲಿ ಕಾರು ಹತ್ತಿ ಮರಳ ದಿಬ್ಬದ ಮೇಲೆಯೇ ಇಳಿಯುವಂತಾದುದರಿಂದ, ಟಾರ್ಚು ಹಿಡಿದ ಗುಂಪುಗಳು ಬಿಲಗಳ ಮೇಲೆ ನಡೆದು ಮಣ್ಣು ಕುಸಿಯುವುದೂ, ಇರುಳಿನಲ್ಲಿ ರಸ್ತೆ ದಾಟುವ ಹಕ್ಕಿ ಚಕ್ರಕ್ಕೆ ಸಿಕ್ಕುವುದೂ, ಬೇಸಗೆಮನೆಗಳ ನಾಯಿಗಳು ಹಕ್ಕಿಗಳನ್ನು ಹಿಡಿಯುವುದೂ ಸಾಮಾನ್ಯವಾಯಿತು. ಇದನ್ನು ತಡೆಯಲೆಂದು 1961ರಲ್ಲಿಯೇ ಬೇಲಿ ಹಾಕಿ, ಕಾಂಕ್ರೀಟಿನ ಮೆಟ್ಟಿಲು ಕಟ್ಟಿ, ನೋಡುವವರಿಗೆ ಒಂದು ಸ್ಥಳವನ್ನು ಗೊತ್ತುಮಾಡಿದರು. ಮನುಷ್ಯನನ್ನು ಬೇಲಿಯೊಳಗಿರಿಸಿ ಪ್ರಾಣಿಯನ್ನು ಹೊರಗೆ ಬಿಟ್ಟ ಈ ವ್ಯವಸ್ಥೆ ಯಾರ ಬುದ್ಧಿಗೆ ಹೊಳೆದುದಾದರೂ ಅವರಿಗೆ ನಮಸ್ಕಾರ ಸಲ್ಲಬೇಕು.

ಇಷ್ಟರಿಂದ ಸಾಲಲಿಲ್ಲ. ನರಿ ಈ ಖಂಡದ ಪ್ರಾಣಿಯಲ್ಲ; ಬೇಟೆಯ ವಿನೋದಕ್ಕಾಗಿ ಇಂಗ್ಲಿಷರು ತಂದುದು. ಅದು 1907ರ ಸುಮಾರಿಗೆ ದ್ವೀಪದಲ್ಲಿ ಕಾಣಿಸಿಕೊಂಡಿತು. ಪೆಂಗ್ವಿನ್ ಪ್ರತಿವರ್ಷವೂ ಎರಡು ಮೂರು ವಾರಗಳ ಕಾಲ ಹಳೆಯ ಗರಿಗಳನ್ನು ಉದುರಿಸಿ ಹೊಸವನ್ನು ಪಡೆಯುತ್ತದೆ. ಆ ಅವಧಿಯಲ್ಲಿ ಮೈಗೆ ನೀರು ತಡೆಯುವ ಶಕ್ತಿಯಿಲ್ಲದುದರಿಂದ ಸಮುದ್ರಕ್ಕಿಳಿಯದೆ, ಉಪವಾಸವಿದ್ದು, ನೆಲದ ಮೇಲೆಯೇ ಕುಳಿತಿರಬೇಕು. ಹಾರಲಾರದ, ಓಡಲಾರದ, ಈಜಲೂ ಆಗದ ಹಕ್ಕಿಗೆ ನರಿ ಎದುರಾದರೆ ಆಗುವುದೇನೆಂಬುದನ್ನು ವಿವರಿಸಬೇಕಾಗಿಲ್ಲ. ಒಂದೇ ನರಿ ಒಂದೇ ಇರುಳಿನಲ್ಲಿ ತಿನ್ನುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕೊಂದುಹಾಕುತ್ತಿತ್ತು. ಒಂದು ಕಾಲಕ್ಕೆ ದ್ವೀಪದ ಸುತ್ತ ಹತ್ತು ಕಡೆಗಳಲ್ಲಿದ್ದ ಪೆಂಗ್ವಿನ್ ನೆಲೆಗಳಲ್ಲಿ 1980ರ ದಶಕದ ವೇಳೆಗೆ ಉಳಿದುದು ಒಂದೇ ಒಂದು: ಸಮರ್‌ಲ್ಯಾಂಡ್, ಮನೆಗಳ ನಡುವೆ ಸಿಕ್ಕಿದ್ದ ನೆಲೆ.

ಈ ಇಳಿತವು ಅನುಮಾನವಾಗಿರದೆ ಲೆಕ್ಕವಾಗಿ ಪರಿಣಮಿಸಿದುದು ಪಾಲಿನ್ ರೈಲಿ ಎಂಬ ಪಕ್ಷಿಶಾಸ್ತ್ರಜ್ಞೆಯೂ ಸಂಗಡಿಗರೂ 1968ರಲ್ಲಿ ಕೈಗೊಂಡ ಅಧ್ಯಯನದಿಂದ. ಹಕ್ಕಿಗಳಿಗೆ ಗುರುತಿನ ಪಟ್ಟಿ ಕಟ್ಟಿ, ಬಿಲಬಿಲವನ್ನೂ ಪರೀಕ್ಷಿಸಿ, ಮಳೆಚಳಿಯೆನ್ನದೆ ವರ್ಷವರ್ಷವೂ ಎಣಿಸುತ್ತ ಹೋದ ಈ ಕೆಲಸದಲ್ಲಿ ಆಕರ್ಷಕವಾದುದೇನೂ ಇರಲಿಲ್ಲ. ಆದರೆ ಮುಂದೆ ಸರ್ಕಾರದ ಮುಂದೆ ಇಡಲು ಇದ್ದ ಸಾಕ್ಷ್ಯವೆಲ್ಲ ಅದರಿಂದ ಬಂದುದೇ. ಹೀಗೆಯೇ ಬಿಟ್ಟರೆ ಶತಮಾನ ಮುಗಿಯುವ ಮುನ್ನವೇ ದ್ವೀಪದಲ್ಲಿ ಪೆಂಗ್ವಿನ್ ಉಳಿಯದೆಂದು ಆ ಲೆಕ್ಕ ಹೇಳುತ್ತಿತ್ತು.

1985ರಲ್ಲಿ ವಿಕ್ಟೋರಿಯ ಸರ್ಕಾರ, ಜೋನ್ ಕರ್ನರ್ ಅವರು ಅರಣ್ಯ ಮತ್ತು ನಿಸರ್ಗಸಂರಕ್ಷಣೆಯ ಸಚಿವೆಯಾಗಿದ್ದಾಗ, ಯಾರೂ ನಿರೀಕ್ಷಿಸದಿದ್ದ ತೀರ್ಮಾನವೊಂದನ್ನು ಕೈಗೊಂಡಿತು: ಸಮರ್‌ಲ್ಯಾಂಡ್ ಬಡಾವಣೆಯ ಪ್ರತಿಯೊಂದು ನಿವೇಶನವನ್ನೂ ಪ್ರತಿಯೊಂದು ಮನೆಯನ್ನೂ ಸರ್ಕಾರವೇ ಕೊಂಡು, ಕಟ್ಟಡಗಳನ್ನು ತೆಗೆಸಿ, ನೆಲವನ್ನು ಹಕ್ಕಿಗಳಿಗೆ ಮರಳಿಸುವುದು. ನಿವೇಶನಗಳ ಸಂಖ್ಯೆ ಏಳು ನೂರನ್ನು ಮೀರಿತ್ತು. ಹೊಸ ಕಟ್ಟಡಗಳಿಗೆ ಅನುಮತಿ ನಿಂತಿತು. ಕೆಲಸ ಒಂದೇ ಏಟಿಗೆ ಮುಗಿಯಲಿಲ್ಲ. ಹಣ ದೊರೆತಂತೆ, ಒಡೆಯರು ಒಪ್ಪಿದಂತೆ, ಒಂದೊಂದಾಗಿ ಕೊಂಡು, 2010ರಲ್ಲಿ, ಅಂದರೆ ಇಪ್ಪತ್ತೈದು ವರ್ಷಗಳ ಮೇಲೆ, ಪೂರೈಸಿತು. ಸರ್ಕಾರಗಳು ಬದಲಾದವು, ಪಕ್ಷಗಳು ಬದಲಾದವು, ತೀರ್ಮಾನ ಬದಲಾಗಲಿಲ್ಲ. ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಮಾತ್ರ ದೃಷ್ಟಿ ಹಾಯುವ ಪ್ರಜಾಪ್ರಭುತ್ವದಲ್ಲಿ, ಮತ ಹಾಕಲಾರದ ಒಂದು ಹಕ್ಕಿಗಾಗಿ ಕಾಲು ಶತಮಾನ ಒಂದು ಸಂಕಲ್ಪ ಸಡಿಲವಾಗದೆ ನಿಂತುದು ಸಾಮಾನ್ಯವಾದ ಸಂಗತಿಯಲ್ಲ.

ಮನೆ ಬಿಟ್ಟವರ ಪಕ್ಷವನ್ನು ಹೇಳದಿದ್ದರೆ ಈ ಚರಿತ್ರೆ ಅರ್ಧವಾದೀತು. ಅವುಗಳಲ್ಲಿ ಹೆಚ್ಚಿನವು ರಜಾಕಾಲದ ಮನೆಗಳಾಗಿದ್ದರೂ, ಮುಪ್ಪಿನಲ್ಲಿ ಅಲ್ಲಿಯೇ ನೆಲೆನಿಂತವರೂ ಇದ್ದರು. ಅವರಾರೂ ಪೆಂಗ್ವಿನ್ನಿನ ದ್ವೇಷಿಗಳಲ್ಲ. ಎಷ್ಟೋ ಮನೆಗಳ ನೆಲಹಲಗೆಯ ಕೆಳಗೆಯೇ ಹಕ್ಕಿಗಳು ಸಂಸಾರ ಹೂಡಿ, ತಮ್ಮ ಗಾತ್ರಕ್ಕೆ ಮೀರಿದ ಕರ್ಕಶ ಕಂಠದಿಂದ ಇರುಳಿಡೀ ಕೂಗಿ, ಮೇಲಿದ್ದವರ ನಿದ್ರೆಯನ್ನು ಕೆಡಿಸುತ್ತಿದ್ದವು. ಅದನ್ನು ಸಹಿಸಿಕೊಂಡು, ಮಕ್ಕಳಿಗೆ ತೋರಿಸಿ ನಲಿದವರೇ ಅವರೆಲ್ಲ. ಮನೆಯನ್ನು ವಿಸ್ತರಿಸಲೂ ಆಗದೆ, ಸರ್ಕಾರವಲ್ಲದೆ ಬೇರೆ ಗಿರಾಕಿಯೂ ಇಲ್ಲದೆ, ನೆರೆಮನೆಗಳು ಒಂದೊಂದಾಗಿ ಮಾಯವಾಗುವುದನ್ನು ನೋಡುತ್ತ ವರ್ಷಗಟ್ಟಲೆ ಕಾದಿದ್ದವರ ಸಂಕಟ ನಿಜವಾದುದು. ಹಣ ಸಂದಿತೆಂಬುದರಿಂದ ಅದು ಇಲ್ಲವಾಗುವುದಿಲ್ಲ. ಆದರೂ ನನ್ನ ಮನಸ್ಸಿನ ತೀರ್ಪನ್ನು ಮರೆಮಾಡಲಾರೆ: ರಜೆಯ ಮನೆಗೆ ಬೇರೊಂದು ಕಡಲತೀರ ಸಿಕ್ಕೀತು; ಹುಟ್ಟಿದ ನೆಲೆಗೇ ಹಿಂದಿರುಗುವ ಸ್ವಭಾವದ ಹಕ್ಕಿಗೆ ಉಳಿದುದು ಅದೊಂದೇ.

ಕಟ್ಟಡಗಳು ಹೋದ ನೆಲದಲ್ಲಿ ರಸ್ತೆಗಳನ್ನು ಅಗೆದು ತೆಗೆದು, ಹೊರಗಿನ ಹುಲ್ಲನ್ನು ಕಿತ್ತು, ನಾಡಗಿಡಗಳನ್ನು ನೆಟ್ಟು, ಬಿಲ ತೋಡಲಾಗದ ಕಡೆ ಮರದ ಪೆಟ್ಟಿಗೆಗಳನ್ನು ಹೂಳಿದರು. ನರಿಗಳ ಬೇಟೆ ದಶಕಗಳ ಕಾಲ ಸಾಗಿ, 2017ರಲ್ಲಿ ದ್ವೀಪವನ್ನು ನರಿಮುಕ್ತವೆಂದು ಸಾರಿದರು. ಎಡರುಗಳು ಬರದೆ ಇರಲಿಲ್ಲ. 1995ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಕಡಲಿನಲ್ಲಿ ಭೂತಾಯಿ ಜಾತಿಯ ಮೀನುಗಳು ರೋಗದಿಂದ ರಾಶಿರಾಶಿಯಾಗಿ ಸತ್ತಾಗ ಆಹಾರವಿಲ್ಲದೆ ಪೆಂಗ್ವಿನ್ನುಗಳೂ ಸತ್ತವು. ಹಡಗಿನ ಎಣ್ಣೆ ಮೆತ್ತಿದ ಹಕ್ಕಿಗಳು ಕೊಕ್ಕಿನಿಂದ ಅದನ್ನು ನೆಕ್ಕಿ ಸಾಯದಿರಲೆಂದು ಅಜ್ಜಿಯರು ಹೆಣೆದು ಕಳುಹಿಸಿದ ಪುಟ್ಟ ಉಣ್ಣೆಯಂಗಿಗಳನ್ನು ತೊಡಿಸಬೇಕಾಯಿತು. ಆದರೂ ಇಂದು ಅಲ್ಲಿ ಸುಮಾರು 40,000 ಪೆಂಗ್ವಿನ್ನುಗಳಿವೆ. 2022ರ ಮೇ ತಿಂಗಳಿನ ಒಂದು ಸಂಜೆ ತಡಿ ದಾಟಿ ಬಂದವುಗಳನ್ನು ಎಣಿಸಿದಾಗ ಲೆಕ್ಕ 5,000ವನ್ನು ಮೀರಿತು. ಮಟನ್‌ಬರ್ಡ್ ಹಕ್ಕಿಗಳು ಈಗ ಪೂರ್ಣ ಸಂರಕ್ಷಿತ. ಬಂಡೆಗಳ ಮೇಲೆ ಸೀಲ್ ಸಂತತಿ ಮತ್ತೆ ಸಾವಿರಗಟ್ಟಲೆಯಾಗಿದೆ. 1996ರಲ್ಲಿ ಇವೆಲ್ಲವನ್ನೂ ಒಂದೇ ಆಡಳಿತದಡಿ ತಂದರು. ಪ್ರವಾಸಿಗಳು ಕೊಡುವ ಪ್ರವೇಶಶುಲ್ಕವೇ ಸಂಶೋಧನೆಯ ಮತ್ತು ಪಾಲನೆಯ ಖರ್ಚಿನ ಬಹುಭಾಗವನ್ನು ಭರಿಸುತ್ತದೆ. ಒಂದು ಕಾಲಕ್ಕೆ ಕೇಡು ತಂದ ಕುತೂಹಲದಿಂದಲೇ ಈಗ ಕಾವಲಿನ ಸಂಬಳ ಹುಟ್ಟುತ್ತಿದೆ.

ಆದುದರಿಂದ ಮೆಲ್ಬರ್ನಿನ ಗೆಳೆಯರ ಮನೆಗೆ ಹೋಗುವ ಓದುಗರು ಫಿಲಿಪ್ ದ್ವೀಪವನ್ನು ಅವಶ್ಯವಾಗಿ ನೋಡಬೇಕು. ನೋಡುವಾಗ ಅಲ್ಲಿಯ ನಿಯಮಗಳಿಗೆ ಮುಖ ಸಿಂಡರಿಸಬಾರದು. ತಡಿಯಲ್ಲಿ ಕ್ಯಾಮರಾಗಳಿಗೂ ಮೊಬೈಲು ಫೋನಿನ ಛಾಯಾಚಿತ್ರಗಳಿಗೂ ಅವಕಾಶವಿಲ್ಲ, ಎದ್ದು ನಿಲ್ಲುವಂತಿಲ್ಲ, ಭೂಶಿರದ ರಸ್ತೆಗೆ ಇರುಳಾಗುವ ಮುನ್ನವೇ ಗೇಟು ಹಾಕುತ್ತಾರೆ. ಹಕ್ಕಿಗಳು ಕಾರು ನಿಲ್ಲಿಸುವ ಬಯಲಿನವರೆಗೂ ಬರುತ್ತವೆಯಾದುದರಿಂದ, ಹೊರಡುವ ಮುನ್ನ ಬಗ್ಗಿ ಚಕ್ರಗಳ ಕೆಳಗೆ ಒಮ್ಮೆ ನೋಡಿ, ಆಮೇಲೆ ಗಾಡಿ ಚಾಲೂ ಮಾಡಿರಿ.