ರೋರಿ ಗ್ಯಾಲಹರ್: ಗಡಿಯ ಎರಡೂ ಬದಿಗಳಲ್ಲಿ ನುಡಿಸಿದ ಗಿಟಾರ್ ವಾದಕನ ಒಂದು ವರ್ಷ

ರೋರಿ ಗ್ಯಾಲಹರ್ (1948–1995) ಐರ್ಲೆಂಡಿನ ಬ್ಲೂಸ್ ರಾಕ್ ಗಿಟಾರ್ ವಾದಕರು, ಗಾಯಕರು ಹಾಗೂ ಗೀತರಚನಕಾರರು. ಬಾಂಬ್ ಸ್ಫೋಟಗಳ ಭಯದಿಂದ ಹೊರಗಿನ ರಾಕ್ ತಂಡಗಳಲ್ಲಿ ಹೆಚ್ಚಿನವು ಉತ್ತರ ಐರ್ಲೆಂಡಿಗೆ ಬರುವುದನ್ನೇ ಬಿಟ್ಟಿದ್ದ ಕಾಲದಲ್ಲಿ, ತಪ್ಪದೆ ಅಲ್ಲಿಗೆ ಹೋಗಿ ಕಚೇರಿ ನಡೆಸಿದವರೆಂದು ಅವರು ಹೆಸರಾಗಿದ್ದಾರೆ. 1974ರ ಜನವರಿಯಿಂದ 1975ರ ಜನವರಿಯವರೆಗಿನ ಅವರ ಪ್ರವಾಸ, ಧ್ವನಿಮುದ್ರಣ ಮತ್ತು ಸಹವಾದನದ ವಿವರಗಳನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ಉಪಯುಕ್ತವಾಗುವಂತೆ ನಾವು ಇಲ್ಲಿ ಸಂಗ್ರಹಿಸಿದ್ದೇವೆ.

ಹುಟ್ಟು ಮತ್ತು ಬಾಲ್ಯ

1921ರಲ್ಲಿ ಐರ್ಲೆಂಡ್ ದ್ವೀಪವು ಇಬ್ಭಾಗವಾಯಿತು. ಉತ್ತರದ 6 ಕೌಂಟಿಗಳು ಬ್ರಿಟನ್ನಿನ ಆಡಳಿತದಲ್ಲಿ ಉಳಿದವು. ಉಳಿದ 26 ಕೌಂಟಿಗಳು ಪ್ರತ್ಯೇಕ ರಾಷ್ಟ್ರವಾದವು. ಗ್ಯಾಲಹರ್ 1948ರ ಮಾರ್ಚ್ 2ರಂದು ಡೊನೆಗಾಲ್ ಕೌಂಟಿಯ ಬ್ಯಾಲಿಶ್ಯಾನನ್ ಎಂಬ ಊರಿನಲ್ಲಿ ಜನಿಸಿದರು. ಗಡಿರೇಖೆಯು ಈ ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ತಂದೆ ಗಡಿಯಾಚೆಯ ಡೆರಿ ನಗರದವರು. ತಾಯಿ ದಕ್ಷಿಣದ ಕಾರ್ಕ್ ನಗರದವರು. ಬಾಲಕ ರೋರಿ ಮೊದಲು ಡೆರಿಯಲ್ಲಿ, ಅನಂತರ ಕಾರ್ಕಿನಲ್ಲಿ ಬೆಳೆದರು. ಹೀಗಾಗಿ ಗಡಿಯ ಎರಡೂ ಬದಿಗಳು ಅವರಿಗೆ ತವರೇ ಆಗಿದ್ದವು.

1963ರಲ್ಲಿ, 15ನೆಯ ವಯಸ್ಸಿನಲ್ಲಿ, ಅವರು ಕಾರ್ಕಿನ ಅಂಗಡಿಯೊಂದರಲ್ಲಿ 1961ರ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರನ್ನು ಕಂತಿನ ಮೇಲೆ ಕೊಂಡರು. ಬೆಲೆ 100 ಪೌಂಡ್. ಬಣ್ಣವೆಲ್ಲ ಸವೆದು ಮರ ಕಾಣಿಸತೊಡಗಿದ ಮೇಲೂ ಅವರು ಜೀವನದುದ್ದಕ್ಕೂ ಅದನ್ನೇ ನುಡಿಸಿದರು.

ಬ್ಲೂಸ್ ರಾಕ್ ಎಂದರೇನು?

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಗುಲಾಮಗಿರಿಯಿಂದ ಬಿಡುಗಡೆಗೊಂಡ ಆಫ್ರಿಕನ್ ಮೂಲದ ಜನರ ನಡುವೆ 19ನೆಯ ಶತಮಾನದ ಕೊನೆಯ ವೇಳೆಗೆ ರೂಪುಗೊಂಡ ಹಾಡುಗಾರಿಕೆಯೇ ಬ್ಲೂಸ್. ಇದರ ಸಾಮಾನ್ಯ ಚೌಕಟ್ಟು 12 ತಾಳಖಂಡಗಳದ್ದು. ಹಾಡುಗಾರನು ಮೊದಲ ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾನೆ. 1960ರ ದಶಕದಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಯುವಕರು ರೇಡಿಯೊ ಹಾಗೂ ಗ್ರಾಮಫೋನ್ ತಟ್ಟೆಗಳಿಂದ ಈ ಸಂಗೀತವನ್ನು ಕಲಿತು, ವಿದ್ಯುತ್ ಗಿಟಾರಿನ ಹೆಚ್ಚಿನ ಧ್ವನಿ ಮತ್ತು ಡ್ರಮ್ಮಿನ ವೇಗವನ್ನು ಅದಕ್ಕೆ ಕೂಡಿಸಿದರು. ಅದುವೇ ಬ್ಲೂಸ್ ರಾಕ್. ಬೆರಳಿಗೆ ಗಾಜಿನ ಅಥವಾ ಲೋಹದ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುವ ಸ್ಲೈಡ್ ವಾದನದಲ್ಲಿ ಗ್ಯಾಲಹರ್ ನಿಪುಣರಾಗಿದ್ದರು.

1974ರ ಪ್ರವಾಸ

1969ರ ಸುಮಾರಿಗೆ ಉತ್ತರ ಐರ್ಲೆಂಡಿನಲ್ಲಿ ಆರಂಭವಾದ ಸಂಘರ್ಷವು ಸುಮಾರು 30 ವರ್ಷ ನಡೆಯಿತು. ಅಲ್ಲಿನ ಪ್ರಾಟೆಸ್ಟೆಂಟರಲ್ಲಿ ಬಹುಪಾಲು ಜನ ಬ್ರಿಟನ್ನಿನೊಡನೆ ಉಳಿಯಬಯಸಿದರೆ, ಕ್ಯಾಥೊಲಿಕರಲ್ಲಿ ಅನೇಕರು ಅಖಂಡ ಐರ್ಲೆಂಡನ್ನು ಬಯಸುತ್ತಿದ್ದರು. 1972ರ ಒಂದೇ ವರ್ಷದಲ್ಲಿ 450ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ರಾತ್ರಿಯ ಹೊತ್ತು ಬೆಲ್‌ಫಾಸ್ಟ್ ನಗರದ ಕೇಂದ್ರಭಾಗವು ಬಿಕೋ ಎನ್ನುತ್ತಿತ್ತು.

ಇಂತಹ ಸನ್ನಿವೇಶದಲ್ಲಿ, 1974ರ ಜನವರಿಯಲ್ಲಿ, ಗ್ಯಾಲಹರ್ ತಂಡವು ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್ ನಗರಗಳಲ್ಲಿ ಕಚೇರಿ ನಡೆಸಿತು. ಬಾಸ್ ಗಿಟಾರ್ ನುಡಿಸುತ್ತಿದ್ದ ಜೆರಿ ಮೆಕವಾಯ್ ಮತ್ತು ಕೀಬೋರ್ಡ್ ವಾದಕ ಲೂ ಮಾರ್ಟಿನ್ ಇಬ್ಬರೂ ಬೆಲ್‌ಫಾಸ್ಟಿನವರೇ. ಡ್ರಮ್ ವಾದಕ ರಾಡ್ ಡಿಆತ್ ವೇಲ್ಸ್ ಪ್ರದೇಶದವರು. ಬೆಲ್‌ಫಾಸ್ಟಿನ ಕಚೇರಿ ನಡೆದುದು 1862ರಲ್ಲಿ ತೆರೆಯಲಾದ ಅಲ್ಸ್ಟರ್ ಹಾಲ್ ಎಂಬ ಸಭಾಂಗಣದಲ್ಲಿ. ಬೇರೆ ಬೇರೆ ಬೀದಿಗಳಲ್ಲಿ, ಬೇರೆ ಬೇರೆ ಶಾಲೆಗಳಲ್ಲಿ ಬೆಳೆದ ಎರಡೂ ಸಮುದಾಯಗಳ ಯುವಜನರು ಅಲ್ಲಿ ಒಂದೇ ಸೂರಿನಡಿ ಸೇರಿದರು. ಗ್ಯಾಲಹರ್ ವೇದಿಕೆಯಲ್ಲಿ ರಾಜಕೀಯ ಭಾಷಣ ಮಾಡುವವರಲ್ಲ. ಬೇರೆ ಯಾವ ಊರಿನಲ್ಲಿಯೂ ನುಡಿಸುವಂತೆಯೇ ಇಲ್ಲಿಯೂ ನುಡಿಸಿದರು. ಮರುವರ್ಷವೂ ಬರುವ ಕ್ರಮವನ್ನು ಬಿಡಲಿಲ್ಲ. ತಮ್ಮ ಊರನ್ನೂ ಊರೆಂದು ಎಣಿಸಿ ಬರುವ ಒಬ್ಬ ಕಲಾವಿದನಿದ್ದಾನೆ ಎಂಬುದೇ ಅಲ್ಲಿಯ ಜನರಿಗೆ ದೊಡ್ಡ ಸಂಗತಿಯಾಗಿತ್ತು.

ಈ ಭಯ ಬರಿಯ ಊಹೆಯಾಗಿರಲಿಲ್ಲ. 1974ರ ಮೇ 17ರಂದು ಡಬ್ಲಿನ್ ಮತ್ತು ಮೊನಹನ್ ಪಟ್ಟಣಗಳಲ್ಲಿ ಸಂಭವಿಸಿದ ಸ್ಫೋಟಗಳಲ್ಲಿ 30ಕ್ಕೂ ಹೆಚ್ಚು ಮಂದಿ ಮಡಿದರು. 1975ರ ಜುಲೈ 31ರಂದು, ಉತ್ತರದಲ್ಲಿ ಕಾರ್ಯಕ್ರಮ ಮುಗಿಸಿ ಡಬ್ಲಿನ್ನಿಗೆ ಮರಳುತ್ತಿದ್ದ ಮಯಾಮಿ ಶೋಬ್ಯಾಂಡ್ ಎಂಬ ಜನಪ್ರಿಯ ತಂಡದ ವಾಹನವನ್ನು ತಡೆದು ಮೂವರು ಕಲಾವಿದರನ್ನು ಕೊಲ್ಲಲಾಯಿತು. ಸಂಗೀತಗಾರರಿಗೂ ದಾರಿ ಸುರಕ್ಷಿತವಾಗಿರಲಿಲ್ಲವೆಂಬುದನ್ನು ನಾವು ಇದರಿಂದ ತಿಳಿಯಬಹುದು.

ಧ್ವನಿಮುದ್ರಣ ಮತ್ತು ಚಲನಚಿತ್ರ

ವಾಹನದಲ್ಲಿಯೇ ಯಂತ್ರಗಳನ್ನು ಅಳವಡಿಸಿದ್ದ ಸಂಚಾರಿ ಸ್ಟುಡಿಯೊದ ನೆರವಿನಿಂದ ಈ ಪ್ರವಾಸದ ಕಚೇರಿಗಳನ್ನು ಮುದ್ರಿಸಿಕೊಳ್ಳಲಾಯಿತು. ಅವುಗಳಿಂದ ಆಯ್ದ ಹಾಡುಗಳು 'ಐರಿಷ್ ಟೂರ್ ’74' ಎಂಬ ಜೋಡಿ ತಟ್ಟೆಯ ಆಲ್ಬಮ್ಮಾಗಿ 1974ರ ಜುಲೈಯಲ್ಲಿ ಹೊರಬಂದವು. 'ಟ್ಯಾಟೂಡ್ ಲೇಡಿ', 'ಎ ಮಿಲಿಯನ್ ಮೈಲ್ಸ್ ಅವೇ' ಮುಂತಾದ ಸ್ವಂತ ರಚನೆಗಳೊಡನೆ ಬ್ಲೂಸ್ ಗುರು ಮಡ್ಡಿ ವಾಟರ್ಸ್ ಅವರ ಹಾಡೂ ಅದರಲ್ಲಿದೆ. ಶ್ರೋತೃಗಳ ಕೂಗು, ಚಪ್ಪಾಳೆಗಳೂ ಅದರಲ್ಲಿ ಉಳಿದುಕೊಂಡಿವೆ. ಟೋನಿ ಪಾಮರ್ ನಿರ್ದೇಶಿಸಿದ ಸಾಕ್ಷ್ಯಚಿತ್ರವು ಇದೇ ಪ್ರವಾಸದ ದೃಶ್ಯಗಳನ್ನು ಒಳಗೊಂಡಿದೆ.

ಸಹವಾದನ

ಗ್ಯಾಲಹರ್ ಹಿರಿಯರ ಪಕ್ಕದಲ್ಲಿ ಕುಳಿತು ನುಡಿಸುವುದನ್ನು ಗೌರವವೆಂದು ಭಾವಿಸಿದವರು. 1971ರ ಡಿಸೆಂಬರಿನಲ್ಲಿ ಮಡ್ಡಿ ವಾಟರ್ಸ್ ಲಂಡನ್ನಿನಲ್ಲಿ ಮುದ್ರಿಸಿದ ಆಲ್ಬಮ್ಮಿನಲ್ಲಿಯೂ, 1973ರ ಜನವರಿಯಲ್ಲಿ ಜೆರಿ ಲೀ ಲೂಯಿಸ್ ಅಲ್ಲಿಯೇ ಮುದ್ರಿಸಿದ ಆಲ್ಬಮ್ಮಿನಲ್ಲಿಯೂ ಅವರ ಗಿಟಾರ್ ಕೇಳಿಬರುತ್ತದೆ.

1974ರ ಡಿಸೆಂಬರಿನಲ್ಲಿ ಮಿಕ್ ಟೇಲರ್ ಅವರು ವಿಶ್ವವಿಖ್ಯಾತ ರೋಲಿಂಗ್ ಸ್ಟೋನ್ಸ್ ತಂಡವನ್ನು ತೊರೆದರು. ಮರುತಿಂಗಳು ನೆದರ್ಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ತಂಡದೊಡನೆ ನುಡಿಸಲು ಗ್ಯಾಲಹರ್ ಅವರಿಗೆ ಕರೆ ಬಂದಿತು. ಕೆಲವು ರಾತ್ರಿ ಅವರೊಡನೆ ನುಡಿಸಿದರೂ ಯಾವ ತೀರ್ಮಾನವೂ ಆಗಲಿಲ್ಲ. ಮೊದಲೇ ಒಪ್ಪಿಕೊಂಡಿದ್ದ ಜಪಾನ್ ಪ್ರವಾಸ ಎದುರಿಗಿದ್ದುದರಿಂದ ಅವರು ಅಲ್ಲಿಂದ ಹೊರಟುಬಿಟ್ಟರು. ಆ ಸ್ಥಾನ ಮುಂದೆ ರಾನಿ ವುಡ್ ಅವರದಾಯಿತು.

ಅನಂತರದ ಸ್ಮರಣೆ

ಗ್ಯಾಲಹರ್ 1995ರ ಜೂನ್ 14ರಂದು, 47ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ನಿಧನರಾದರು. ಹುಟ್ಟೂರಾದ ಬ್ಯಾಲಿಶ್ಯಾನನ್‌ನಲ್ಲಿ 2010ರಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಲಾಯಿತು. 100 ಪೌಂಡಿಗೆ ಕೊಂಡಿದ್ದ ಆ ಗಿಟಾರ್ 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 8 ಲಕ್ಷ ಪೌಂಡಿಗೂ ಅಧಿಕ ಬೆಲೆಗೆ ಮಾರಾಟವಾಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ನೀಡಿದರು. 2025ರ ಜನವರಿಯಲ್ಲಿ ಬೆಲ್‌ಫಾಸ್ಟ್ ನಗರವೂ ಅವರ ಪ್ರತಿಮೆಯನ್ನು ಸ್ಥಾಪಿಸಿತು. ಅದು ನಿಂತಿರುವುದು ಅಲ್ಸ್ಟರ್ ಹಾಲಿನ ಸಮೀಪದಲ್ಲಿ.