ಹದಿನಾರು ಡಬ್ಬಿ ಮಾಡಿದ ತಾಯಿ-ಮಗಳು

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವರಾದರೆ ನೀವೂ ಯಾವುದೋ ಟ್ರೈನಿಂಗಿನಲ್ಲಿ ಇದಕ್ಕೆ ಟಿಕ್ ಹಾಕಿರುತ್ತೀರಿ. ನಾಲ್ಕು ಜನ ಸೇರಿದ ಕಡೆ ಮಾತಾಡುತ್ತೀರೋ, ಸುಮ್ಮನಿರುತ್ತೀರೋ? ತೀರ್ಮಾನ ಮಾಡೋದು ಬುದ್ಧಿಯಿಂದಲೋ, ಮನಸ್ಸಿನಿಂದಲೋ? ಹೀಗೇ ಒಂದು ರಾಶಿ ಪ್ರಶ್ನೆ. ಕೊನೆಗೆ ನಾಲ್ಕು ಇಂಗ್ಲಿಷ್ ಅಕ್ಷರ ಕೈಗೆ ಕೊಟ್ಟು, ಇದೇ ನೀವು ಅಂತಾರೆ. ನನಗೆ ಸಿಕ್ಕಿದ್ದು ಐ-ಎನ್-ಟಿ-ಜೆ. ಜಾತಕಕ್ಕೆ ಎಕ್ಸೆಲ್ ಶೀಟ್ ತೊಡಿಸಿದ ಹಾಗಿತ್ತು :-)

ಇದರ ಹೆಸರು ಮೈಯರ್ಸ್-ಬ್ರಿಗ್ಸ್. ಹೆಸರು ಕೇಳಿದರೆ ಯಾರೋ ಇಬ್ಬರು ಗಡ್ಡದ ಪ್ರೊಫೆಸರುಗಳಿರಬೇಕು ಅನ್ನಿಸುತ್ತೆ. ಆದರೆ ಅವರು ತಾಯಿ ಮತ್ತು ಮಗಳು! ಇಬ್ಬರೂ ಮನಃಶಾಸ್ತ್ರದಲ್ಲಿ ಪದವಿ ಪಡೆದವರಲ್ಲ.

ಜನರನ್ನು ವಿಂಗಡಿಸುವ ಚಟ ಇವರಿಂದ ಶುರುವಾದದ್ದೇನೂ ಅಲ್ಲ. ಕ್ರಿ.ಶ. ಎರಡನೇ ಶತಮಾನದಲ್ಲೇ ಗ್ಯಾಲೆನ್ ಎಂಬ ಗ್ರೀಕ್ ವೈದ್ಯ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಏರುಪೇರಿಗೂ ಮನುಷ್ಯನ ಸ್ವಭಾವಕ್ಕೂ ಗಂಟು ಹಾಕಿದ್ದ. ಸಿಟ್ಟು ಬಂದವನನ್ನು ನೋಡಿ 'ಪಿತ್ತ ನೆತ್ತಿಗೇರಿದೆ' ಅನ್ನುವ ನಮಗೆ ಇದು ಹೊಸದೇನಲ್ಲ ಬಿಡಿ.

ನಮ್ಮ ಕಥೆಯ ತಾಯಿ ಕ್ಯಾಥರೀನ್ ಬ್ರಿಗ್ಸ್ (1875-1968). ಗಂಡ ಲೈಮನ್ ಬ್ರಿಗ್ಸ್ ಅಮೆರಿಕದ ದೊಡ್ಡ ಭೌತವಿಜ್ಞಾನಿ. ಇವರಿಗೆ ಮಾತ್ರ ಮನೆಯೇ ಪ್ರಯೋಗಶಾಲೆ. ಮಗಳು ಇಸಾಬೆಲ್‌ಳನ್ನು ಬೆಳೆಸುತ್ತಲೇ ಮಕ್ಕಳ ಸ್ವಭಾವದ ಬಗ್ಗೆ ಟಿಪ್ಪಣಿ ಬರೆದಿಡುತ್ತಿದ್ದರು. ಇಸಾಬೆಲ್ 1918ರಲ್ಲಿ ಕ್ಲಾರೆನ್ಸ್ ಮೈಯರ್ಸ್ ಎಂಬ ಕಾನೂನು ವಿದ್ಯಾರ್ಥಿಯನ್ನು ಮದುವೆಯಾದಳು. ಅಳಿಯ ಒಳ್ಳೆಯವನೇ, ಆದರೆ ಯೋಚಿಸುವ ರೀತಿ ಈ ಮನೆಯವರಿಗಿಂತ ಪೂರ್ತಿ ಬೇರೆ. ಅತ್ತೆಗೆ ಕುತೂಹಲ ಹುಟ್ಟಿತು. ಜೀವನಚರಿತ್ರೆಗಳನ್ನು ಓದಿ ಓದಿ ತಮ್ಮದೇ ಒಂದು ವರ್ಗೀಕರಣ ಕಟ್ಟತೊಡಗಿದರು.

ಅಷ್ಟರಲ್ಲಿ ಕಾರ್ಲ್ ಯುಂಗ್ 1921ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ 'ಸೈಕಲಾಜಿಕಲ್ ಟೈಪ್ಸ್' 1923ರಲ್ಲಿ ಇಂಗ್ಲಿಷಿಗೆ ಬಂತು. ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತುಗಳನ್ನು ಜನಪ್ರಿಯ ಮಾಡಿದ ಪುಸ್ತಕ ಇದು. ಉಪನಿಷತ್ತುಗಳ 'ದ್ವಂದ್ವ'ದ ಕಲ್ಪನೆಯನ್ನೂ ಯುಂಗ್ ಅದರಲ್ಲಿ ಚರ್ಚಿಸಿದ್ದಾರೆ. ಅದನ್ನೋದಿದ ಕ್ಯಾಥರೀನ್, ತಾನು ಹುಡುಕುತ್ತಿದ್ದುದು ಇದನ್ನೇ ಎಂದು ತಮ್ಮ ಟಿಪ್ಪಣಿಗಳನ್ನೆಲ್ಲ ಸುಟ್ಟರು ಎನ್ನುತ್ತಾರೆ.

ಆದರೆ ಯುಂಗ್ ಬರೆದದ್ದು ಸಿದ್ಧಾಂತ. ಅದನ್ನು ಪರೀಕ್ಷೆ ಮಾಡಿದ್ದು ಮಗಳು ಇಸಾಬೆಲ್ (1897-1980). ಈಕೆ ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದಿದ್ದವರು! ಎರಡನೇ ಮಹಾಯುದ್ಧದಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ, ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಾರ್ಖಾನೆಗಳಿಗೆ ಬಂದರು. ಅವರಿಗೆ ತಮ್ಮ ಸ್ವಭಾವಕ್ಕೆ ಒಪ್ಪುವ ಕೆಲಸ ಸಿಗಲಿ ಎಂಬುದು ಇಸಾಬೆಲ್ ಆಸೆ. ಫಿಲಡೆಲ್ಫಿಯಾದ ಎಡ್ವರ್ಡ್ ಹೇ ಹತ್ತಿರ ಪರೀಕ್ಷೆ ತಯಾರಿಸುವುದನ್ನು ಕಲಿತು, 1943ರಲ್ಲಿ ತಮ್ಮ ಪ್ರಶ್ನಾವಳಿಗೆ ಕಾಪಿರೈಟ್ ಪಡೆದರು. ಯುಂಗ್‌ನ ಮೂರು ಜೋಡಿಗಳಿಗೆ ತಾಯಿ-ಮಗಳು ನಾಲ್ಕನೆಯದನ್ನು ಸೇರಿಸಿದ್ದರು. ನಾಲ್ಕು ಬಿಟ್, ಹದಿನಾರು ಡಬ್ಬಿ. ಲೆಕ್ಕ ಸರಿಹೋಯ್ತಲ್ಲ!

1962ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಇದರ ಕೈಪಿಡಿ ಪ್ರಕಟಿಸಿತು. ಅಲ್ಲಿನ ತಜ್ಞರಿಗೆ ಮಾತ್ರ ಇದರ ಮೇಲೆ ಅನುಮಾನ ಇದ್ದೇ ಇತ್ತು. 1975ರಲ್ಲಿ ಬೇರೆ ಪ್ರಕಾಶಕರ ಕೈಗೆ ಹೋದ ಮೇಲೆ ಕಂಪನಿಗಳು ಮುಗಿಬಿದ್ದವು.

ಅನುಮಾನ ಏನು? ನಮ್ಮ ಭಾಷೆಯಲ್ಲಿ ಹೇಳೋದಾದರೆ, ಫ್ಲೋಟ್ ಇರಬೇಕಾದಲ್ಲಿ ಬೂಲಿಯನ್ ಇಟ್ಟಿದ್ದಾರೆ. ಜನರ ಅಂಕಗಳು ಎರಡು ಗುಡ್ಡಗಳಾಗಿ ಬೇರೆಯಾಗುವುದಿಲ್ಲ. ಬಹಳಷ್ಟು ಮಂದಿ ನಡುವೆಯೇ ಇರುತ್ತಾರೆ. ನೂರಕ್ಕೆ 49 ಬಂದವನು ಅಂತರ್ಮುಖಿ, 51 ಬಂದವನು ಬಹಿರ್ಮುಖಿ ಅಂತ ಗೆರೆ ಎಳೆದರೆ, ಗೆರೆಯ ಹತ್ತಿರ ಇರುವವನು ನಾಳೆ ಆಚೆ ದಾಟಿರುತ್ತಾನೆ. ಐದೇ ವಾರ ಬಿಟ್ಟು ಮತ್ತೆ ಪರೀಕ್ಷೆ ಕೊಟ್ಟರೂ ಅರ್ಧದಷ್ಟು ಜನರ ಗುಂಪು ಬದಲಾಗಬಹುದು ಎಂದು ಡೇವಿಡ್ ಪಿಟೆಂಜರ್ 1993ರಲ್ಲಿ ಬರೆದರು. ಅದಕ್ಕೇ ಇಂದಿನ ಸಂಶೋಧಕರು ಹೆಚ್ಚಾಗಿ ನೆಚ್ಚುವುದು ಡಬ್ಬಿಗಳಿಲ್ಲದ, ಐದು ಅಳತೆಪಟ್ಟಿಗಳಿರುವ 'ಬಿಗ್ ಫೈವ್' ಪದ್ಧತಿಯನ್ನು.

ಇಷ್ಟಕ್ಕೂ ನಾನ್ಯಾಕೆ ತಲೆ ಕೆಡಿಸಿಕೊಂಡೆ ಅಂದರೆ, ನನ್ನ ಹಿಂದಿನ ಟೀಮಿನಲ್ಲಿ ಒಬ್ಬ ಹುಡುಗಿ ಇದ್ದಳು. ಕ್ಲೈಂಟ್ ಹತ್ತಿರ ಆನ್‌ಸೈಟ್ ಕಳಿಸುವಾಗ ಅವಳ ಹೆಸರು ಬಂತು. "ಅವಳದು 'ಐ' ಅಲ್ವೇನ್ರೀ, ಮಾತಾಡಲ್ಲ, ಬೇಡ" ಅಂದುಬಿಟ್ಟರು ಮ್ಯಾನೇಜರ್. ಆ ಮಾಡ್ಯೂಲ್ ಪೂರ್ತಿ ಬರೆದವಳು ಅವಳು. ಅವಳನ್ನು ಒಂದು ಮಾತು ಕೇಳಲಿಲ್ಲ ಕೂಡಾ. ಕೆಲಸಕ್ಕೆ ಜನರನ್ನು ಆರಿಸಲು ಈ ಪರೀಕ್ಷೆ ಬಳಸಬಾರದು ಅಂತ ಇದನ್ನು ಮಾರುವ ಕಂಪನಿಯೇ ಹೇಳುತ್ತದೆ. ಅದನ್ನು ಯಾರು ಓದ್ತಾರೆ?

ಇಸಾಬೆಲ್ ಮೇಲೆ ನನಗೆ ಸಿಟ್ಟಿಲ್ಲ. ಹದಿನಾರರಲ್ಲಿ ಯಾವುದೂ ಕೀಳಲ್ಲ, ಒಬ್ಬೊಬ್ಬರದು ಒಂದೊಂದು ಶಕ್ತಿ ಎಂದೇ ಅವರು ಕೊನೆತನಕ ನಂಬಿದ್ದರು. ಹೆಂಗಸರಿಗೆ ಕೆಲಸದ ಬಾಗಿಲು ತೆರೆಯಲೆಂದು ಮಾಡಿದ ಕೀಲಿಯಿಂದಲೇ ಒಬ್ಬ ಹೆಂಗಸಿಗೆ ಬಾಗಿಲು ಹಾಕಿದರಲ್ಲ, ಸಂಕಟ ಅದು.

ನಿಮ್ಮ ಆಫೀಸಿನಲ್ಲೂ ಹೀಗೆ ಅಕ್ಷರ ಹಂಚಿದ್ದಾರಾ? ನಿಮ್ಮದ್ಯಾವುದು? ಅದನ್ನು ನೋಡಿ ನಿಮಗೇನಾದರೂ ಸಿಗೋದು ತಪ್ಪಿತ್ತಾ? ಹೇಳಿ.